ಆನ್‌ಲೈನ್ ಕೌನ್ಸೆಲಿಂಗ್: ಶಿರಸಿಯ ಸೊಪ್ಪಿನಬೆಟ್ಟದಲ್ಲಿ ಕೂತು ಮೂರು ವರ್ಷ ಬಳಸಿದ ಮೇಲೆ

ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ನೆಟ್‌ವರ್ಕ್ ಬೇಕೆಂದರೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡ, ಹತ್ತಬೇಕು. ಅತ್ತೆಗೆ 'ಆಫೀಸ್ ಮೀಟಿಂಗ್' ಎಂದು ಹೇಳಿ, ಕೊಡೆ ಹಿಡಿದು ಹೋಗಿ ಅಲ್ಲಿ ಕೂತು ಅಳುತ್ತಿದ್ದೆ.

ಕೌನ್ಸೆಲಿಂಗ್ ಆ್ಯಪ್ ಹಾಕಿಕೊಂಡಿದ್ದು 2022ರ ಮಳೆಗಾಲದಲ್ಲಿ, ಮೂರನೇ ಐಯುಐ (ಬಸಿರಾಗಲೆಂದು ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಕೂಡ ಕೈಕೊಟ್ಟ ಮೇಲೆ. ಸ್ಕ್ಯಾನಿಂಗು, ಇಂಜೆಕ್ಷನ್ನು ಎಂದು ಹುಬ್ಬಳ್ಳಿಗೆ ಹೋಗಿ ಬರುವ ಸುಸ್ತು ಒಂದು ನಿದ್ದೆಗೆ ಇಳಿಯುತ್ತಿತ್ತು. ಇಳಿಯದೇ ಉಳಿಯುತ್ತಿದ್ದುದು ಮದುವೆಮನೆ ಪಂಕ್ತಿಯಲ್ಲಿ ಬರುವ "ಎಂತಾರು ವಿಶೇಷ ಇದ್ದನೇ ಕೂಸೇ?"

ನನಗೆ ಸಿಕ್ಕ ಕೌನ್ಸೆಲರ್ ಧಾರವಾಡದ ಕಡೆಯವರು. ಎರಡನೇ ಸೆಷನ್‌ನಲ್ಲಿ ಬಿಕ್ಕುತ್ತಾ ಮಾತಾಡುತ್ತಿದ್ದವಳು ಪಟ್ಟೆಂದು ಕಾಲಿಗೆ ಹೊಡೆದುಕೊಂಡೆ.

"ಏನಾತ್ರೀ?"

"ಉಂಬಳ ಹಿಡೀತು ಮೇಡಂ."

"ಉಂಬಳ ಅಂದ್ರ ಏನ್ರಿ?"

ಕಾಡಿನ ಜಿಗಣೆ, ಕಿತ್ತರೆ ತುರಿಕೆ, ಸುಣ್ಣ ಹಚ್ಚಿದರೆ ತಾನೇ ಬಿಡುತ್ತದೆ ಎಂದೆಲ್ಲ ವಿವರಿಸುವಷ್ಟರಲ್ಲಿ ಇಬ್ಬರಿಗೂ ನಗು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ. ಅವತ್ತೇ ಇವರು ಸಾಕು ಅನ್ನಿಸಿತು.

ಅವರು ಉಪದೇಶ ಮಾಡಲಿಲ್ಲ. ಐಯುಐ ಆಗಿ ಪರೀಕ್ಷೆ ಮಾಡುವವರೆಗಿನ ಆ ಎರಡು ವಾರ ಯಾರ ಫೋನು ಯಾರು ಎತ್ತಬೇಕು, ಮುಟ್ಟಾದರೆ ಸುದ್ದಿ ಯಾರು ಹೇಳಬೇಕು ಎಂದು ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿಸಿದರು. ನಮ್ಮನೆಯವರು ಬಾಯಿ ಬಿಟ್ಟು "ನಂಗೂ ಬೇಜಾರಾಗ್ತು" ಎಂದಿದ್ದು ಆಗಲೇ. ಪಂಕ್ತಿಯ ಪ್ರಶ್ನೆಗೆ ಒಂದೇ ಉತ್ತರ ಬಾಯಿಪಾಠ ಮಾಡಿಸಿದರು: "ಇದ್ರೆ ಆನೇ ಹೇಳ್ತಿ ದೊಡ್ಡಮ್ಮ." ಹೇಳಿ ಹೋಳಿಗೆ ತಿನ್ನುವುದು, ಅಷ್ಟೇ.

ದೂರು ಇರುವುದು ಆ್ಯಪ್ ಮೇಲೆ. 2023ರಲ್ಲಿ ಕೊನೆಗೂ ಪಾಸಿಟಿವ್ ಬಂತು. ಅದನ್ನು ನಮೂದಿಸಿದ್ದೇ ತಡ, "ಅಭಿನಂದನೆಗಳು, ನಿಮ್ಮ ಗುರಿ ಪೂರ್ಣಗೊಂಡಿದೆ" ಎಂಬ ಮೆಸೇಜು! ಹತ್ತು ಸೆಷನ್‌ಗೆ ಒಟ್ಟಿಗೆ ಕಟ್ಟಿದ ದುಡ್ಡಿನಲ್ಲಿ ನಾಲ್ಕು ಸೆಷನ್ ಅವಧಿ ಮುಗಿಯಿತೆಂದು ಹೋಯಿತು. ಬಸಿರಿನ ವಿಭಾಗಕ್ಕೆ ಬೇರೆಯವರನ್ನು ಕೊಟ್ಟರು. ಅವರೆದುರು ಮತ್ತೆ ಮೊದಲಿಂದ ಕಥೆ ಹೇಳು. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಕಂಡೀತೇನೋ ಎಂದು ಎದೆ ಹೊಡೆದುಕೊಳ್ಳುತ್ತಿದ್ದವಳಿಗೆ ಎಂಥ ಗುರಿ, ಎಂಥ ಪೂರ್ಣ? ಎರಡು ಮೇಲ್ ಹಾಕಿ ಜಗಳ ಮಾಡಿದ ಮೇಲೆ ಹಳೆಯವರನ್ನೇ ಕೊಟ್ಟರು.

ಕೊಟ್ಟಿದ್ದು ಒಳ್ಳೆಯದೇ ಆಯಿತು, ನಿಜವಾಗಿ ನೆಲ ಕುಸಿದದ್ದು ಹೆರಿಗೆಯಾದ ಮೇಲೆ. ತವರು ಕುಮಟಾ. ಅಲ್ಲಿ ನೆಟ್‌ವರ್ಕ್ ಇತ್ತು, ಬಾಗಿಲು ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಎಣ್ಣೆನೀರು, ಕಷಾಯ, ಹೊತ್ತುಹೊತ್ತಿಗೆ ಊಟ, ಯಾವುದಕ್ಕೂ ಕೊರತೆಯಿಲ್ಲ. ಮಗು ಅತ್ತರೆ ಮಾತ್ರ ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. "ಹರಕೆ ಹೊತ್ತು ಪಡೆದದ್ದು, ಈಗ ಅಳೂದು ಎಂತಕ್ಕೆ?" ಎಂದಳು ಆಯಿ. ನನಗೂ ಅದೇ ನಾಚಿಕೆ.

ಐದನೇ ವಾರ ಮೇಡಂ ಎಡಿನ್‌ಬರೋ ಪ್ರಶ್ನಾವಳಿ ಓದಿದರು, ಬಾಣಂತಿಯ ಖಿನ್ನತೆ ಗುರುತಿಸುವುದಕ್ಕೆ ಇರುವುದು. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ. ಬಾಣಂತಿಯ ಅಳು ಸಾಮಾನ್ಯವಾಗಿ ಎರಡು ವಾರದಲ್ಲಿ ತಗ್ಗುತ್ತದೆ, ಹೀಗೆ ಎಳೆದರೆ ಅದು ಬೇರೆ ಎಂದು ಮೊದಲೇ ಹೇಳಿದ್ದರು. ಹತ್ತನೆಯದು ಜೀವಕ್ಕೆ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯೇ ಎಂಬುದು. ನಾನು ಸುಮ್ಮನಾದೆ. ಅವರು ಫೋನ್ ಇಡಲಿಲ್ಲ, ಅವಸರವನ್ನೂ ಮಾಡಲಿಲ್ಲ. "ಇದು ನನ್ನ ಮಾತಿಂದಷ್ಟ ಆಗೂದಲ್ರಿ" ಎಂದು, ನನ್ನ ಒಪ್ಪಿಗೆ ಕೇಳಿ ಗಂಡನಿಗೆ ತಿಳಿಸಿ, ಮರುದಿನವೇ ಮನೋವೈದ್ಯರ ಹತ್ತಿರ ಕಳಿಸಿದರು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ತಮ್ಮ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎಂದು ಗೊತ್ತಿರುವವರು, ಅದಕ್ಕೇ ಅವರಿಗೆ ಪೂರ್ತಿ ಅಂಕ.

ಆ್ಯಪ್‌ನಲ್ಲಿ ರಾತ್ರಿ ಯಾರೂ ಸಿಗುವುದಿಲ್ಲ. ಅದಕ್ಕೆ ಅವರೇ 14416 ಬರೆಸಿದ್ದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 24 ತಾಸು, ಪುಕ್ಕಟೆ. ಒಂದು ರಾತ್ರಿ ಎರಡೂವರೆಗೆ ಮಾಡಿದೆ. ಮಗು ಏಳುವವರೆಗೂ ಕನ್ನಡದಲ್ಲೇ ಮಾತಾಡಿದರು.

ಈಗ ತಿಂಗಳಿಗೊಂದು ಕರೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಅಭಿನಂದನೆಗೆ. ತೆಗೆದುಕೊಳ್ಳುವವರು ಹತ್ತರ ಪ್ಯಾಕ್ ಬಿಟ್ಟು ಒಂದೊಂದೇ ಸೆಷನ್‌ಗೆ ದುಡ್ಡು ಕಟ್ಟಿ. ಮಳೆಗಾಲದಲ್ಲಿ ವಿಡಿಯೋ ನಂಬಬೇಡಿ, ಆಡಿಯೋ ಸಾಕು. ಬೆಟ್ಟ ಹತ್ತುವವರಾದರೆ ಸುಣ್ಣದ ಡಬ್ಬಿ ಮರೆಯಬೇಡಿ.