ಆಕ್ಸಿಡೆಂಟ್ ಪರಿಹಾರದ ಕೇಸಲ್ಲಿ ನಮಗಾದ ಮೋಸ: ಲೆಕ್ಕ ನೋಡ್ದೆ ರಾಜಿಗೆ ಸೈನ್ ಹಾಕ್ಬೇಡಿ

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ ಕಡೆಯೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ಯಾಕಂದ್ರೆ ಅಕ್ಕನ ಪಕ್ಕದಲ್ಲಿ ನಿಂತ್ಕೊಂಡು "ಹಾಕಕ್ಕ, ಏನಾಗಲ್ಲ" ಅಂತ ಸೈನ್ ಹಾಕ್ಸಿದ್ದು ನಾನೇ.

2023 ಫೆಬ್ರವರೀಲಿ ನಮ್ಮ ಭಾವ ಶಾಂತಿಗ್ರಾಮದ ಹತ್ರ ಬಿಎಂ (ಬೆಂಗಳೂರು-ಮಂಗಳೂರು) ರಸ್ತೇಲಿ ತೀರ್ಕೊಂಡ್ರು. ಬೈಕಲ್ಲಿ ಮನೆಗೆ ಬರ್ತಿದ್ರು, ಹಿಂದಿಂದ ಲಾರಿ ಗುದ್ದಿದ್ದು. 38 ವರ್ಷ. ಸ್ವಂತ ಚೋಟಾ ಹಾತಿ (ಸಣ್ಣ ಸರಕು ಗಾಡಿ) ಇಟ್ಕೊಂಡಿದ್ರು, ಶುಂಠಿ ಟೈಮಲ್ಲಿ ಶುಂಠಿ, ಆಲೂಗೆಡ್ಡೆ ಟೈಮಲ್ಲಿ ಆಲೂಗೆಡ್ಡೆ, ಏನೂ ಇಲ್ಲ ಅಂದ್ರೆ ತೆಂಗಿನಕಾಯಿ, ಇಟ್ಟಿಗೆ, ಮದುವೆ ಮನೆ ಸಾಮಾನು, ಯಾವ ಬಾಡಿಗೆ ಬಂದ್ರೂ ಬಿಡ್ತಿರ್ಲಿಲ್ಲ. ಮನೇಲಿ ಅಕ್ಕ, ಏಳನೇ ಕ್ಲಾಸ್ ಮಗಳು, ಮೂರನೇ ಕ್ಲಾಸ್ ಮಗ, ಭಾವನ ಅವ್ವ. ನಾಲ್ಕು ಜನಕ್ಕೂ ಅನ್ನ ಹಾಕ್ತಿದ್ದು ಅವರೊಬ್ಬರೇ.

ಪೋಸ್ಟ್‌ಮಾರ್ಟಂಗೆ ಕಾಯ್ತಾ ಕೂತಿದ್ದಾಗ್ಲೇ ಆ ಮನುಷ್ಯ ಬಂದ, ಆಕ್ಸಿಡೆಂಟ್ ಕೇಸ್ ಹಿಡಿದು ಲಾಯರ್‌ಗೆ ಕೊಡೋ ಬ್ರೋಕರ್. ಬಿಳಿ ಶರ್ಟು, ಕೈಲೊಂದು ಪ್ಲಾಸ್ಟಿಕ್ ಫೈಲು. ನನಗಿಂತ ಮೊದ್ಲು ಅವನಿಗೆ ಎಲ್ಲಾ ಗೊತ್ತಿತ್ತು, ಲಾರಿ ಎಲ್ಲೀದು, ಇನ್ಶೂರೆನ್ಸ್ ಚಾಲ್ತೀಲಿ ಇದೆಯಾ, ಎಫ್‌ಐಆರ್ ಆಯ್ತಾ, ಎಲ್ಲಾ. ನಾನು ಅವತ್ತೇ ಅನುಮಾನ ಪಡ್ಬೇಕಿತ್ತು. ಪಡ್ಲಿಲ್ಲ. ಅಂಥ ಟೈಮಲ್ಲಿ ಯಾರಾದ್ರೂ ಬಂದು "ನೀವು ಅಳ್ತಾ ಕೂತ್ಕೋಬೇಡಿ, ಪೇಪರೆಲ್ಲಾ ನಾನು ನೋಡ್ಕೋತೀನಿ" ಅಂದ್ರೆ ದೇವ್ರು ಬಂದಂಗೆ ಆಗುತ್ತೆ ಕಣ್ರಿ. ತಿಥಿ ದಿನ ಮನೆಗೂ ಬಂದ. ಭಾವನ ಫೋಟೋಗೆ ಹಾರ ಹಾಕಿ, ಪಂಕ್ತೀಲಿ ಕೂತು ಊಟ ಮಾಡಿ, ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡ್ಕೊಂಡು ಹೋದ. ಅದೇ ಅವ್ವನ ಹೆಸರನ್ನ ಆಮೇಲೆ ಏನ್ ಮಾಡ್ದ ಅಂತ ಮುಂದೆ ಹೇಳ್ತೀನಿ.

"ಆರು ತಿಂಗಳ ಒಳಗೆ ಹಾಕ್ಲಿಲ್ಲ ಅಂದ್ರೆ ಒಂದು ರೂಪಾಯಿನೂ ಬರಲ್ಲ ಅಣ್ಣ" ಅಂತ ಹೆದರಿಸ್ದ. ಗಡುವು ಇರೋದು ನಿಜ, 2022 ಏಪ್ರಿಲ್ 1ರಿಂದ ಕಾಯ್ದೇಲಿ ಮತ್ತೆ ಆರು ತಿಂಗಳು ಅಂತ ತಂದಿದ್ದಾರೆ. ಆದ್ರೆ ಆಗ ಇನ್ನೂ ಹದಿನೈದು ದಿನ ಕೂಡ ಆಗಿರ್ಲಿಲ್ಲ! ಇನ್ನೂ ಐದೂವರೆ ತಿಂಗಳು ಟೈಮ್ ಇತ್ತು, ನಾಲ್ಕು ಜನರನ್ನ ವಿಚಾರಿಸಬಹುದಿತ್ತು. "50 ಲಕ್ಷಕ್ಕೆ ಕೇಸ್ ಹಾಕಣ, ನನಗೀಗ ಒಂದು ರೂಪಾಯಿ ಕೊಡ್ಬೇಡಿ, ಬಂದ್ಮೇಲೆ ನೋಡ್ಕೊಳಣ" ಅಂದ. ವಕಾಲತ್ತು, ಇನ್ನೂ ಏನೇನೋ ಖಾಲಿ ಹಾಳೆ, ಎಲ್ಲದಕ್ಕೂ ಅಕ್ಕ ಸೈನ್ ಹಾಕಿದ್ಲು. ಜೊತೆಗೆ "ಇದು ಸುಮ್ನೆ ಫೈಲಲ್ಲಿರ್ಲಿ" ಅಂತ ಎರಡು ಖಾಲಿ ಚೆಕ್.

ನಾಡಕಚೇರಿಯಿಂದ ವಂಶವೃಕ್ಷ ಮಾಡ್ಸಿ ಕೊಟ್ಟಿದ್ದೆ. ಅದ್ರಲ್ಲಿ ಅವ್ವನ ಹೆಸರು ಸರಿಯಾಗಿ ಇತ್ತು. ಅದನ್ನ ನೋಡಿ, "ಅಜ್ಜಿ ಹೆಸ್ರು ಬೇಡ ಬಿಡಿ, ಪ್ರತಿ ಸಲ ಕೋರ್ಟಿಗೆ ಕರ್ಕೊಂಡ್ ಬರ್ಬೇಕಾಗುತ್ತೆ, ಆಮೇಲೆ ಪಾಲು ಬೇರೆ ಒಡೀತಾರೆ, ಮಕ್ಕಳಿಗೆ ಕಮ್ಮಿ ಆಗುತ್ತೆ" ಅಂದ. ನಮಗೂ ಹೌದಲ್ವಾ ಅನ್ನಿಸ್ತು. ವಯಸ್ಸಾದೋರು, ಮಂಡಿ ನೋವು, ಯಾಕೆ ಓಡಾಡ್ಸೋದು ಅಂತ.

ಭಾವ ಗಾಡೀಲಿ ಒಂದು ಸಣ್ಣ ಪುಸ್ತಕ ಇಟ್ಟಿದ್ರು. ನೀಲಿ ಅಟ್ಟೆ, ಗ್ರೀಸ್ ಮೆತ್ಕೊಂಡು ಮೂಲೆ ಎಲ್ಲಾ ಕಪ್ಪಾಗಿದೆ. ದಿನದ ಬಾಡಿಗೆ ಎಲ್ಲಾ ಅದ್ರಲ್ಲಿದೆ, "ಹಾಸನ ಮಂಡಿ 900", "ಇಟ್ಟಿಗೆ 2 ಟ್ರಿಪ್ 1400", ಕೆಳಗೆ ಡೀಸೆಲ್ ಎಷ್ಟು, ಉಳಿದಿದ್ದು ಎಷ್ಟು. ಅದನ್ನ ಕೊಡಕ್ಕೆ ಹೋದ್ರೆ ಮುಟ್ಲೇ ಇಲ್ಲ. "ಇದೆಲ್ಲ ಕೋರ್ಟಲ್ಲಿ ನಡೆಯಲ್ಲ ಅಣ್ಣ, ಐಟಿ ರಿಟರ್ನ್ ಇದ್ಯಾ?" ಅಂದ. ಚೋಟಾ ಹಾತಿ ಓಡ್ಸೋನು ಐಟಿ ರಿಟರ್ನ್ ಎಲ್ಲಿಂದ ತರ್ತಾನೆ. ಗಾಡಿ ಸಾಲದ ಕಂತು ತಿಂಗಳಿಗೆ 9,400 ಬ್ಯಾಂಕಿಂದ ಕಟ್ ಆಗ್ತಿದ್ದ ಸ್ಟೇಟ್‌ಮೆಂಟ್ ಕೊಟ್ಟೆ. ಇಸ್ಕೊಂಡ, ಫೈಲಿಗೆ ಹಾಕ್ಕೊಂಡ. ಅದನ್ನ ನೆನಪಿಟ್ಕೊಳ್ಳಿ, 9,400.

ಆಮೇಲೆ ಒಂದೂವರೆ ವರ್ಷ ಡೇಟು, ಡೇಟು, ಡೇಟು. ಲಾಯರ್ ಮುಖ ನಾವು ನೋಡಿದ್ದು ಎರಡೇ ಸಲ.

2024ರಲ್ಲಿ ಒಂದಿನ ಫೋನು, "ನಾಳೆ ಲೋಕ್ ಅದಾಲತ್, ಅಕ್ಕನ್ನ ಕರ್ಕೊಂಡು ಬನ್ನಿ, ನಿಮ್ ಕೇಸ್ ಮುಗಿಸ್ಕೊಡ್ತೀನಿ." ಹೋದ್ವಿ. ಕೋರ್ಟ್ ವರಾಂಡದಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ಎಲ್ಲೆಲ್ಲೂ ನಮ್ಮ ಥರದೋರೇ. ಇವನು ಒಳಗೆ ಹೋಗ್ತಾನೆ, ಹೊರಗೆ ಬರ್ತಾನೆ, ಕೊನೆಗೆ ಬಂದು "ಇನ್ಶೂರೆನ್ಸ್ ಕಂಪನಿಯೋರು ಏಳು ಅಂತ ಕೂತಿದ್ರು, ಜಗಳ ಆಡಿ ಹತ್ತಕ್ಕೆ ತಂದಿದೀನಿ" ಅಂದ. ಹತ್ತು ಲಕ್ಷ. 50 ಅಂದಿದ್ದು ಏನಾಯ್ತು ಅಂತ ಕೇಳಿದ್ರೆ "ಅದು ಅರ್ಜೀಲಿ ಹಾಕೋದು ಅಣ್ಣ, ಯಾರಿಗ್ ಬಂದಿದೆ ಹೇಳಿ? ಇವತ್ತು ಬಿಟ್ರೆ ಇನ್ನು ಆರೇಳು ವರ್ಷ, ಅವರು ಹೈಕೋರ್ಟ್ ಹೋಗ್ತಾರೆ, ಅಷ್ಟೊತ್ತಿಗೆ ಮಗಳು ಮದ್ವೆಗೆ ಬಂದಿರ್ತಾಳೆ, ಯೋಚ್ನೆ ಮಾಡಿ" ಅಂದ. ಯೋಚನೆ ಮಾಡಿ ಅಂದೋನು ಐದು ನಿಮಿಷನೂ ಕೊಡ್ಲಿಲ್ಲ. ಹೆಂಗೆ ಹತ್ತು ಬಂತು, ಲೆಕ್ಕ ತೋರ್ಸಿ ಅಂತ ನಾನು ಕೇಳ್ಲಿಲ್ಲ. ಇದೊಂದು ಮಾತು, ಇದೊಂದೇ ಮಾತು ಕೇಳ್ಬೇಕಿತ್ತು.

ಅಕ್ಕನಿಗೆ ಮೊದ್ಲೇ ಹೇಳ್ಕೊಟ್ಟಿದ್ದ, "ಒಪ್ಗೆ ಇದ್ಯಾ ಅಂತ ಕೇಳ್ತಾರೆ, ಇದೆ ಅನ್ನಿ ಅಷ್ಟೇ, ಬೇರೆ ಏನೂ ಮಾತಾಡ್ಬೇಡಿ." ಜಡ್ಜು ಕೇಳಿದ್ರು, "ಒಪ್ಪಿಗೆ ಇದೆಯಾ ಅಮ್ಮ?" ಅಕ್ಕ "ಇದೆ ಸ್ವಾಮಿ" ಅಂದ್ಲು. ಮುಗೀತು.

ದುಡ್ಡು ಬಂತು. ಮಕ್ಕಳ ಹೆಸರಲ್ಲಿ ಎರಡೆರಡು ಲಕ್ಷ 18 ವರ್ಷ ಆಗೋವರ್ಗೂ ಎಫ್‌ಡಿ. ಉಳಿದ ಆರು ಲಕ್ಷ ಅಕ್ಕನ ಖಾತೆಗೆ. ಎರಡು ದಿನ ಬಿಟ್ಟು ಪಾಸ್‌ಬುಕ್ ಎಂಟ್ರಿ ಹಾಕ್ಸೋಕೆ ಹೋದ್ವಿ. ಮಿಷಿನ್ನಿಂದ ಪುಸ್ತಕ ಹೊರಗೆ ಬಂತು, ಅಕ್ಕ ನೋಡಿ ನನ್ ಕೈಗೆ ಕೊಟ್ಲು, "ಇದೇನೋ ಇದು?" ಅಂತ. ಆರು ಲಕ್ಷ ಬಂದಿರೋ ಸಾಲು, ಅದ್ರ ಕೆಳಗೇ ಚೆಕ್ಕಲ್ಲಿ 3,00,000 ಹೋಗಿರೋ ಸಾಲು. ಫೈಲಲ್ಲಿರ್ಲಿ ಅಂದಿದ್ದ ಚೆಕ್ಕು. ಇವತ್ತಿಗೂ ಆ ಎರಡು ಸಾಲು ಕಣ್ಮುಂದೆ ಬರುತ್ತೆ.

ಅಲ್ಲಿಂದ್ಲೇ ಫೋನ್ ಮಾಡ್ದೆ. "ಮೂವತ್ತು ಪರ್ಸೆಂಟ್ ಅಂತ ಮೊದ್ಲೇ ಮಾತಾಗಿತ್ತಲ್ಲ ಅಣ್ಣ" ಅಂದ. ಯಾವತ್ತೂ ಆಗಿರ್ಲಿಲ್ಲ. "ಆಗಿತ್ತು, ನೀವು ದುಃಖದಲ್ಲಿದ್ರಿ, ಮರ್ತಿದೀರಿ" ಅಂದ. ಇದನ್ನ ಕೇಳಿ ನನಗೆ ಮೈಯೆಲ್ಲಾ ಉರೀತು. ನಮ್ಮ ದುಃಖವನ್ನೇ ನಮಗೆ ವಾಪಸ್ ಹೊಡೆದ. ನೆನಪಿಡಿ, ಕೇಸಲ್ಲಿ ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಲಾಯರೂ ತಗೊಳ್ಳೋ ಹಂಗಿಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ. ಇವನಂತೂ ಲಾಯರೇ ಅಲ್ಲ.

ಆ ಸಿಟ್ಟಿಗೆ ಕೇಸಿನ ಸರ್ಟಿಫೈಡ್ ಕಾಪಿ ತೆಗೆಸ್ದೆ. ಕೋರ್ಟಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಇದೆ, ಅಲ್ಲಿಗೆ ತಗೊಂಡು ಹೋದೆ. ಅಲ್ಲೊಬ್ಬರು ಲಾಯರ್ ಮೇಡಂ ಕಂಪನಿಯೋರ ಲೆಕ್ಕದ ಹಾಳೆ ತೆಗೆದು ಓದಿ ಹೇಳಿದ್ರು. ಭಾವನ ತಿಂಗಳ ಆದಾಯ 8,000. ಓದ್ತಿದ್ದಂಗೆ ನಾನು ಎದ್ದು ನಿಂತೆ. 9,400 ಕಂತು ಕಟ್ತಿದ್ದ ಮನುಷ್ಯನ ಆದಾಯ 8,000 ಹೆಂಗಾಗುತ್ತೆ? ನಾನು ಕೊಟ್ಟ ಸ್ಟೇಟ್‌ಮೆಂಟ್ ಎಲ್ಲಿ ಮೇಡಂ ಅಂದೆ. ಫೈಲ್ ಪೂರ್ತಿ ತಿರುವಿದ್ರು, ಇಲ್ಲ. ಹಾಕೇ ಇಲ್ಲ. ಅರ್ಜೀಲಿ ತಿಂಗಳಿಗೆ 30,000 ಅಂತ ಬರ್ದಿದ್ದಾರೆ, ಅದಕ್ಕೆ ಒಂದು ಚೂರು ದಾಖಲೆ ಇಟ್ಟಿಲ್ಲ.

ಆ 8,000ದಲ್ಲಿ ಮೂರನೇ ಒಂದು ಭಾಗ ಭಾವನ ಸ್ವಂತ ಖರ್ಚು ಅಂತ ಕಳೆದು, ವರ್ಷಕ್ಕೆ 64,000, ಅದನ್ನ 15ರಿಂದ ಗುಣಿಸಿ 9,60,000, ಮೇಲೊಂದು 40,000 ಹಾಕಿ ಹತ್ತು ಲಕ್ಷ. ಜಗಳ ಆಡಿ ತಂದಿದ್ದ ಹತ್ತು ಇದೇ.

ಮೇಡಂ ಒಂದು ಹಾಳೇಲಿ ಬರ್ದು ತೋರ್ಸಿದ್ರು. ಗುಟ್ಟಿನ ಲೆಕ್ಕ ಏನಲ್ಲ ಇದು, 2009ರ ಸರಳಾ ವರ್ಮಾ ಕೇಸು, 2017ರ ಪ್ರಣಯ್ ಸೇಥಿ ಕೇಸು, ಸುಪ್ರೀಂ ಕೋರ್ಟೇ ಹಾಕ್ಕೊಟ್ಟಿರೋ ದಾರಿ. ತಿಂಗಳಿಗೆ ಬರೀ 15,000 ಅಂತ ಹಿಡಿದ್ರೂ, 40 ವರ್ಷದ ಒಳಗಿನ ಸ್ವಂತ ದುಡಿಮೆಯೋರಿಗೆ ಮುಂದೆ ದುಡಿಮೆ ಹೆಚ್ಚಾಗ್ತಿತ್ತು ಅಂತ ಶೇ 40 ಸೇರಿಸ್ಬೇಕು, 21,000. ನಂಬಿಕೊಂಡಿರೋರು ನಾಲ್ಕರಿಂದ ಆರು ಜನ ಇದ್ರೆ ಕಳೆಯೋದು ಕಾಲು ಭಾಗ ಮಾತ್ರ, 15,750. ವರ್ಷಕ್ಕೆ 1,89,000. 36ರಿಂದ 40 ವಯಸ್ಸಿಗೆ ಗುಣಕ 15. ಒಟ್ಟು 28,35,000. ಇದ್ರ ಮೇಲೆ ಹೆಂಡತಿ, ಮಕ್ಕಳು, ತಾಯಿಗೆ ತಲಾ 40,000, ಅದೂ ಮೂರು ವರ್ಷಕ್ಕೊಮ್ಮೆ ಶೇ 10 ಜಾಸ್ತಿ ಆಗ್ತಾ ಹೋಗುತ್ತೆ, ಅಂತ್ಯಕ್ರಿಯೆ ಖರ್ಚು, ಬಡ್ಡಿ, ಎಲ್ಲಾ ಬೇರೆ.

ನಾಲ್ಕು ಜನ. ಅದು ಆಗ ಅರ್ಥ ಆಯ್ತು. ಅವ್ವನ ಹೆಸರು ಬಿಟ್ಟಿದ್ದಕ್ಕೆ ನಾವು ಮೂರೇ ಜನ ಆದ್ವಿ, ಕಾಲು ಭಾಗ ಕಳೆಯೋ ಕಡೆ ಮೂರನೇ ಒಂದು ಭಾಗ ಕಳೆದ್ರು. ಮಕ್ಕಳಿಗೆ ಕಮ್ಮಿ ಆಗುತ್ತೆ ಅಂತ ಬಿಡ್ಸಿದ್ದು, ಬಿಟ್ಟಿದ್ದಕ್ಕೇ ಮಕ್ಕಳಿಗೆ ಕಮ್ಮಿ ಆಯ್ತು.

ಮತ್ತೆ ಫೋನ್ ಮಾಡ್ದೆ. "ನೀವೇ ತಾನೇ ಸೈನ್ ಹಾಕಿದ್ದು? ಜಡ್ಜ್ ಮುಂದೆ ಒಪ್ಕೊಂಡು ಈಗ್ ನನ್ನ ಕೇಳಿದ್ರೆ?" ಸ್ಟೇಟ್‌ಮೆಂಟ್ ಎಲ್ಲಿ ಅಂದ್ರೆ "ಲಾಯರ್‌ನ ಕೇಳಿ." ಲಾಯರ್‌ಗೆ ಮಾಡಿದ್ರೆ "ನೀವು ಅವರ ಮೂಲಕ ಬಂದಿದ್ದು, ಅವರ ಹತ್ರನೇ ಮಾತಾಡಿ." ಮೂರನೇ ಸಲ ಇವನಿಗೆ ಮಾಡಿದಾಗ ಹೇಳಿದ ಮಾತು ಹಂಗೇ ಬರೀತೀನಿ: "ನಾನಿಲ್ದಿದ್ರೆ ನಿಮ್ಗೆ ಹತ್ತೂ ಬರ್ತಿರ್ಲಿಲ್ಲ, ಸತ್ತೋರ್ ದುಡ್ಡಲ್ಲಿ ಎಷ್ಟು ಆಸೆ ಪಡ್ತೀರಿ?" ಆಮೇಲೆ ನನ್ ನಂಬರ್ ಬ್ಲಾಕ್.

ಸತ್ತೋರ ದುಡ್ಡಂತೆ. ಬದುಕಿದ್ರೆ ಇನ್ನು ಇಪ್ಪತ್ತು ವರ್ಷ ದುಡಿದು ಮನೆಗೆ ತಂದು ಹಾಕ್ತಿದ್ದ ದುಡ್ಡು ಅದು, ಆ ಮಕ್ಕಳ ಫೀಸು, ಆ ಅಜ್ಜಿ ಮಾತ್ರೆ.

ಈಗ ಏನ್ ಮಾಡ್ಬಹುದು ಅಂತ ಕೇಳಿದ್ರೆ, ಮಾಮೂಲಿ ತೀರ್ಪಾಗಿದ್ರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲ್ ಹೋಗ್ಬಹುದಿತ್ತು. ಲೋಕ್ ಅದಾಲತ್ ಅವಾರ್ಡಿಗೆ ಅಪೀಲೇ ಇಲ್ಲ. ಮೋಸ ಆಗಿದೆ ಅಂತ ಹೈಕೋರ್ಟಲ್ಲಿ ರಿಟ್ ಹಾಕೋದೊಂದೇ ದಾರಿ, ಮೋಸ ಅಂತ ನಾವೇ ಸಾಬೀತು ಮಾಡ್ಬೇಕು. ಲೋಕ್ ಅದಾಲತ್ ಕೆಟ್ಟದು ಅಂತ ನಾನು ಹೇಳ್ತಿಲ್ಲ, ಸರಿಯಾದ ಲೆಕ್ಕಕ್ಕೆ ರಾಜಿ ಆದ್ರೆ ಬೇಗ ದುಡ್ಡು ಕೈಗೆ ಬರುತ್ತೆ. ಲೆಕ್ಕ ನೋಡ್ದೆ ಒಪ್ಕೋಬೇಡಿ ಅಷ್ಟೇ.

ಶವಾಗಾರದ ಹತ್ರ ಬರೋ ಯಾವನನ್ನೂ ನಂಬ್ಬೇಡಿ. ಖಾಲಿ ಚೆಕ್ ಕೊಡ್ಬೇಡಿ, ಖಾಲಿ ಹಾಳೆಗೆ ಸೈನ್ ಬೇಡ. ವಂಶವೃಕ್ಷದಲ್ಲಿ ಇರೋ, ಅವರ ದುಡಿಮೇಲಿ ಬದುಕ್ತಿದ್ದ ಪ್ರತಿಯೊಬ್ಬರ ಹೆಸರೂ ಅರ್ಜೀಲಿ ಇರ್ಬೇಕು, ಅಪ್ಪ ಅಮ್ಮನ್ನ ಬಿಡ್ಬೇಡಿ. ಕಂತು ಕಟ್ಟಿದ ಸ್ಟೇಟ್‌ಮೆಂಟು, ಬಾಡಿಗೆ ಪುಸ್ತಕ, ಏನಿದ್ರೂ ಫೈಲಿಗೆ ಸೇರಿದೆಯಾ ಅಂತ ನೀವೇ ಕಣ್ಣಲ್ಲಿ ನೋಡಿ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲಾಯರ್ ಉಚಿತ. ಉಚಿತ ಕಣ್ರಿ! ಅದೇ ಕೋರ್ಟ್ ಕಾಂಪೌಂಡಲ್ಲಿ. ಒಂದೂವರೆ ವರ್ಷ ಅದ್ರ ಮುಂದೇನೇ ಓಡಾಡಿದೀವಿ, ಒಂದು ಸಲನೂ ಒಳಗೆ ಹೋಗಿ ಕೇಳ್ಲಿಲ್ಲ.

ಚೋಟಾ ಹಾತಿ ಫೈನಾನ್ಸ್‌ನೋರು ತಗೊಂಡು ಹೋದ್ರು. ಪುಸ್ತಕ ನನ್ ಹತ್ರ ಇದೆ, ರಿಟ್‌ಗೆ ಬೇಕಾಗುತ್ತೆ ಅಂತ ಮೇಡಂ ಹೇಳಿರೋದ್ರಿಂದ ಒಂದೊಂದೇ ಪುಟ ಝೆರಾಕ್ಸ್ ಮಾಡಿಸ್ತಿದೀನಿ. ಮೊನ್ನೆ ಅದನ್ನೆಲ್ಲಾ ಜೋಡಿಸ್ತಾ ಕೂತಿದ್ದಾಗ ಅವ್ವ ಬಂದು ಪಕ್ಕದಲ್ಲಿ ಕೂತ್ಕೊಂಡು ಕೇಳಿದ್ರು, "ನಿಮ್ ಭಾವ ನನ್ ಮಗ ಅಂತ ಅದ್ರಾಗೆ ಎಲ್ಲೂ ಬರ್ದೇ ಇಲ್ವಂತಲ್ಲ ಮಗ, ಹೌದಾ?" ಅಂತ. ಹೌದು ಅವ್ವ ಅಂದೆ. ಬೇರೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ.