ಗ್ಯಾಸ್ ಸಾಕಷ್ಟಿದೆಯೇ: ಸೈಟ್ ಗ್ಲಾಸ್, ಗೇಜ್, ತಕ್ಕಡಿ

ಹಳ್ಳಿಯ ಹಾಲಿನ ಡೇರಿಗಳ ಬಲ್ಕ್ ಕೂಲರ್‌ಗಳನ್ನೂ ಅಂಗಡಿಗಳ ಬಾಟಲಿ ಕೂಲರ್‌ಗಳನ್ನೂ ರಿಪೇರಿ ಮಾಡುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ, ಒಳಗೆ ತಂಪು ಮಾಡುವ ಗ್ಯಾಸ್ ಸಾಕಷ್ಟಿದೆಯೇ ಎಂಬುದು. ಇದನ್ನು ತಿಳಿಯುವ ನಾಲ್ಕು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ.

ದ್ರವವಾದ ಗ್ಯಾಸ್ ಹರಿಯುವ ಪೈಪಿಗೆ ಕೂರಿಸಿದ ಗಾಜಿನ ಕಿಂಡಿ, ಅಂದರೆ ಸೈಟ್ ಗ್ಲಾಸ್‌ನಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಪೈಪು ಜೋಡಿಸಬೇಕಿಲ್ಲ, ಒಂದಿಷ್ಟೂ ಗ್ಯಾಸ್ ಹೊರಗೆ ಹೋಗುವುದಿಲ್ಲ, ಟಾರ್ಚ್ ಹಿಡಿದು ನೋಡಿದರೆ ಮುಗಿಯಿತು. ಆದರೆ ಗುಳ್ಳೆ ಕಂಡ ಕೂಡಲೇ ಗ್ಯಾಸ್ ಕಡಿಮೆಯಾಗಿದೆ ಎಂದು ತೀರ್ಮಾನಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆರ್-404ಎ ಎಂಬ ಗ್ಯಾಸ್ ತುಂಬಿದ್ದ ಒಂದು ಬಲ್ಕ್ ಕೂಲರ್‌ನಲ್ಲಿ ಗುಳ್ಳೆಗಳು ಬಿಡದೆ ಬರುತ್ತಿದ್ದವು. ಜೊತೆಯಲ್ಲಿದ್ದ ಹುಡುಗ ಆಗಲೇ ಸಿಲಿಂಡರ್ ಇಳಿಸಿಯಾಗಿತ್ತು. ಪೈಪಿನಲ್ಲಿ ತೇವ, ಕಸ ಹಿಡಿಯುವ ಡ್ರೈಯರ್‌ನ ಎರಡೂ ತುದಿಗಳಿಗೆ ತಾಪಮಾಪಕ ಹಿಡಿದಾಗ ಒಳಬರುವ ಕಡೆ 36 ಡಿಗ್ರಿ, ಹೊರಹೋಗುವ ಕಡೆ 30 ಡಿಗ್ರಿ ಇತ್ತು. ಕಟ್ಟಿಕೊಂಡ ಡ್ರೈಯರ್‌ನಲ್ಲಿ ಒತ್ತಡ ಕುಸಿದು ದ್ರವವೇ ಅಲ್ಲಿ ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಗ್ಯಾಸ್ ಸೇರಿಸಿದ್ದರೆ ರೋಗ ಹಾಗೆಯೇ ಉಳಿದು, ಡ್ರೈಯರ್ ಬದಲಿಸಿದ ದಿನ ಗ್ಯಾಸ್ ಹೆಚ್ಚಾಗಿರುತ್ತಿತ್ತು. ಪೂರ್ತಿ ಖಾಲಿಯಾದ ಯಂತ್ರದ ಗ್ಲಾಸ್ ಕೂಡ ತಿಳಿಯಾಗಿಯೇ ಕಾಣುತ್ತದೆ ಎಂಬುದನ್ನೂ ಮರೆಯಬಾರದು.

ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಕಡೆಯ ಒತ್ತಡವೊಂದನ್ನೇ ನೋಡಿ ಗ್ಯಾಸ್ ಹಾಕುವ ರೂಢಿ ನಮ್ಮಲ್ಲಿ ಬಹಳ. ಎಸಿಯಿಂದ ಬಂದ ಈ ಅಭ್ಯಾಸ ಹಾಲಿನ ಕೂಲರ್‌ಗೆ ಹೊಂದುವುದಿಲ್ಲ. ಆಗಷ್ಟೇ ಕರೆದ ಬಿಸಿ ಹಾಲು ಬಿದ್ದಾಗ ಗೇಜಿನ ಮುಳ್ಳು ಮೇಲಿರುತ್ತದೆ, ಹಾಲು 4 ಡಿಗ್ರಿಗೆ ಇಳಿಯುವಷ್ಟರಲ್ಲಿ ಕೆಳಗೆ ಬರುತ್ತದೆ. ಯಾವ ಗಳಿಗೆಯ ಅಂಕಿಯನ್ನು ಸರಿಯೆನ್ನುವುದು?

ತಂಪಾಗುವ ಸುರುಳಿಗೆ ದ್ರವವನ್ನು ಬೇಕಾದಷ್ಟೇ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಇರುವ ಯಂತ್ರಗಳಲ್ಲಿ ನಾನು ನೆಚ್ಚುವುದು ಒತ್ತಡವನ್ನೂ ಪೈಪಿನ ತಾಪಮಾನವನ್ನೂ ಜೊತೆಗಿಟ್ಟು ನೋಡುವ ಸಬ್‌ಕೂಲಿಂಗ್ ಮತ್ತು ಸೂಪರ್‌ಹೀಟ್ ಲೆಕ್ಕವನ್ನು. ದ್ರವವಾಗುವ ತಾಪಮಾನಕ್ಕಿಂತ ದ್ರವ ಎಷ್ಟು ತಣ್ಣಗಾಗಿದೆ ಎಂಬುದು ಸಬ್‌ಕೂಲಿಂಗ್, ಕುದಿಯುವ ತಾಪಮಾನಕ್ಕಿಂತ ಆವಿ ಎಷ್ಟು ಬಿಸಿಯಾಗಿದೆ ಎಂಬುದು ಸೂಪರ್‌ಹೀಟ್. ಆರ್-404ಎ ಯಂತ್ರದ ಹೆಡ್ ಒತ್ತಡ (ಕಂಪ್ರೆಸರ್ ಹೊರಬಿಡುವ ಕಡೆಯದು) 250 ಪಿಎಸ್‌ಐ ಇದ್ದರೆ, ಬಿಸಿ ಹೊರಬಿಡುವ ಸುರುಳಿಯಾದ ಕಂಡೆನ್ಸರ್‌ನಲ್ಲಿ ಗ್ಯಾಸ್ ದ್ರವವಾಗುತ್ತಿರುವುದು ಸುಮಾರು 40 ಡಿಗ್ರಿಯಲ್ಲಿ. ಹೊರಬರುವ ಪೈಪು 35 ಡಿಗ್ರಿ ತೋರಿಸಿದರೆ ಸಬ್‌ಕೂಲಿಂಗ್ 5 ಡಿಗ್ರಿ, ಅಂದರೆ ದ್ರವ ಸಾಕಷ್ಟಿದೆ. ಸಬ್‌ಕೂಲಿಂಗ್ ಇಲ್ಲವೇ ಇಲ್ಲವೆನ್ನುವಷ್ಟಾಗಿ ಸೂಪರ್‌ಹೀಟ್ ಮಾತ್ರ ಏರಿದ್ದರೆ ಗ್ಯಾಸ್ ಕಡಿಮೆಯೆಂದು ಧೈರ್ಯವಾಗಿ ಹೇಳಬಹುದು. ಆದರೆ ದ್ರವ ಕೂಡಿಡುವ ತೊಟ್ಟಿ, ಅಂದರೆ ರಿಸೀವರ್ ಇರುವ ಕಡೆ ಹೆಚ್ಚಾದ ದ್ರವವೆಲ್ಲ ಅದರೊಳಗೆ ಕೂರುವುದರಿಂದ, ಅದು ತುಂಬುವವರೆಗೂ ಗ್ಯಾಸ್ ಹೆಚ್ಚಾಗಿರುವುದು (ಓವರ್‌ಚಾರ್ಜ್) ಈ ಲೆಕ್ಕಕ್ಕೆ ಸಿಗುವುದಿಲ್ಲ. ಕಂಡೆನ್ಸರ್‌ಗೆ ಧೂಳು ಮೆತ್ತಿದ್ದರೂ ಅಂಕಿಗಳು ದಾರಿ ತಪ್ಪಿಸುತ್ತವೆ, ಆದ್ದರಿಂದ ಮೊದಲು ಬ್ರಷ್, ಆಮೇಲೆ ಗೇಜ್.

ವಾಲ್ವ್ ಬದಲು ಕ್ಯಾಪಿಲರಿ ಎಂಬ ಸಣ್ಣ ನಳಿಕೆ ಇರುವ ಬಾಟಲಿ ಕೂಲರ್‌ಗೆ ತಕ್ಕಡಿಯೇ ಸರಿ. ಕೆಲವು ನೂರು ಗ್ರಾಂ ಮಾತ್ರ ಹಿಡಿಯುವ ಅಂಥ ಯಂತ್ರಕ್ಕೆ ಗೇಜ್ ಜೋಡಿಸುವುದೇ ನಷ್ಟ, ಯಾಕೆಂದರೆ ಗೇಜಿನ ಹೋಸ್‌ನಲ್ಲಿ ಉಳಿಯುವಷ್ಟು ಗ್ಯಾಸೂ ಅದರ ಪಾಲಿಗೆ ದೊಡ್ಡದು. ಇರುವುದನ್ನೆಲ್ಲ ರಿಕವರ್ ಮಾಡಿ (ಸಿಲಿಂಡರ್‌ಗೆ ಎಳೆದುಕೊಂಡು), ಲೀಕ್ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ತೆಗೆದು ವ್ಯಾಕ್ಯೂಮ್ ಎಳೆದು, ನೇಮ್‌ಪ್ಲೇಟ್‌ನಲ್ಲಿರುವಷ್ಟೇ ತೂಗಿ ಹಾಕುವುದಕ್ಕೆ ಅರ್ಧ ದಿನ ಹೋಗುತ್ತದೆ, ಅಂಗಡಿಯವರು ಗೊಣಗುತ್ತಾರೆ. ಹಾಕಿದ ಗ್ರಾಂ ಮತ್ತು ದಿನಾಂಕವನ್ನು ನಾನು ನೇಮ್‌ಪ್ಲೇಟ್ ಪಕ್ಕದಲ್ಲೇ ಮಾರ್ಕರ್‌ನಿಂದ ಬರೆದಿಡುತ್ತೇನೆ. ಮುಂದಿನ ಸಲ ರಿಕವರ್ ಮಾಡಿ ತೂಗಿದಾಗ ಎಷ್ಟು ಸೋರಿದೆಯೆಂದು ಅಲ್ಲಿಯೇ ತಿಳಿಯುತ್ತದೆ.