ಹಿಮ್ಮಡಿ ನೋವಿನವಳ ಕರಿ ಶೂ: ಎರಡು ವರ್ಷ ನಾಲ್ಕು ತಿಂಗಳ ನಂತರ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ 14 ವರ್ಷವಾಯಿತು. ವಾರ್ಡಿನ ನೆಲ ಗ್ರಾನೈಟ್. ಎಂಟು ಗಂಟೆ ಡ್ಯೂಟಿಯಲ್ಲಿ ಕೂರುವುದು ಚಾರ್ಟ್ ಬರೆಯುವಾಗ ಮಾತ್ರ, ಅದೂ ಪುಣ್ಯ ಇದ್ದರೆ. ಮೂರು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಕೂತು ಎದ್ದರೆ ಮತ್ತೆ ಶುರು. ದಿನವಿಡೀ ಬೇರೆಯವರ ನೋವು ನೋಡುವವಳು ನನ್ನದನ್ನು ಎರಡು ತಿಂಗಳು ಯಾರಿಗೂ ತೋರಿಸಲಿಲ್ಲ!

ಕೊನೆಗೆ ಮೂಳೆ ಡಾಕ್ಟರು ಪ್ಲಾಂಟರ್ ಫೇಶಿಯೈಟಿಸ್ ಅಂದರು. ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ರಾತ್ರಿ ಮಲಗಿದಾಗ ಅದು ಬಿಗಿಯುತ್ತದೆ, ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯುತ್ತದೆ. "ಮೊದಲು ಶೂ ಬದಲಿಸಿ ಸಿಸ್ಟರ್" ಅಂದರು.

ಬದಲಿಸಿದೆ, ತಪ್ಪಾಗಿ. ಮೆಮರಿ ಫೋಮ್ ಶೂ ಅಂಗಡಿಯಲ್ಲಿ ಹಾಕಿಕೊಂಡಾಗ ಹತ್ತಿಯ ಮೇಲೆ ನಿಂತ ಹಾಗಿತ್ತು. ಮೂರೇ ವಾರದಲ್ಲಿ ಹಿಮ್ಮಡಿಯ ಜಾಗದಲ್ಲಿ ಫೋಮ್ ನೀರುದೋಸೆಯಷ್ಟು ತೆಳ್ಳಗಾಯಿತು. ಆಮೇಲೆ ಚಪ್ಪಟೆ ಬೆಲ್ಲಿ ಶೂ ಹಾಕಿ ನೋಡಿದೆ. ಅದರ ಬಗ್ಗೆ ಹೇಳುವುದೇ ಬೇಡ.

ಶೂ ನೋಡುವುದನ್ನು ಕಲಿಸಿದ್ದು ನಮ್ಮ ಫಿಸಿಯೋ. ತುದಿ ಮತ್ತು ಹಿಮ್ಮಡಿ ಹಿಡಿದು ಬಾಗಿಸಿದರೆ ಬೆರಳಿನ ಹತ್ತಿರ ಬಾಗಬೇಕು, ನಡುವೆ ಮಡಿಸಿಕೊಂಡರೆ ಅಲ್ಲೇ ಇಟ್ಟು ಬನ್ನಿ. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಸುಲಭಕ್ಕೆ ತಿರುಗಬಾರದು. ಹಿಂಭಾಗ ಹೆಬ್ಬೆರಳಿನಲ್ಲಿ ಒತ್ತಿದರೆ ಗಟ್ಟಿ ಇರಬೇಕು. ಒಳಗಿನ ಇನ್ಸೋಲ್ ಕೀಳಲು ಬರಬೇಕು. ಮತ್ತೆ, ಸಂಜೆಯೇ ಹೋಗಬೇಕು, ಏಕೆಂದರೆ ನಿಂತೂ ನಿಂತೂ ಕಾಲು ಅಷ್ಟೊತ್ತಿಗೆ ಊದಿಕೊಂಡಿರುತ್ತದೆ. ಡ್ಯೂಟಿ ಮುಗಿಸಿ ಹಂಪನಕಟ್ಟೆಯ ಅಂಗಡಿಗಳಲ್ಲಿ ಶೂ ಹಿಂಡುತ್ತಾ ತಿರುಗಿದೆ. ಅಂಗಡಿ ಹುಡುಗರ ಮುಖ ನೀವು ನೋಡಬೇಕಿತ್ತು.

ಸಿಕ್ಕಿದ್ದು ಕರಿ ಚರ್ಮದ ವೆಲ್ಕ್ರೋ ಶೂ. ರಬ್ಬರ್ ಸೋಲ್, ಸುಮಾರು ಒಂದು ಇಂಚು ಹಿಮ್ಮಡಿ, ಬೆರಳಿನ ಕಡೆ ಅಗಲ. 2,900 ರೂಪಾಯಿ. ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ, ಆ ಮಾಡೆಲ್ ಈಗ ಬರುತ್ತಿಲ್ಲ. ಅದರ ಇನ್ಸೋಲ್ ಕಿತ್ತು ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಇನ್ಸೋಲ್ ಹಾಕಿಸಿದೆ, 250 ರೂಪಾಯಿ. ಕುಷ್ಠರೋಗದಿಂದ ಸ್ಪರ್ಶ ಹೋದ ಪಾದಕ್ಕೆ ಹುಣ್ಣಾಗದಿರಲಿ ಎಂದು ಬಳಕೆಗೆ ಬಂದ ರಬ್ಬರ್ ಅದು. ಈಗ ಸಕ್ಕರೆ ಕಾಯಿಲೆಯವರ ಚಪ್ಪಲಿಯಲ್ಲೂ ಜಾಸ್ತಿ ಅದೇ.

ಮೊದಲ ವಾರ ನಿಜಕ್ಕೂ ಬೇಸರವಾಯಿತು. ಗಟ್ಟಿ, ಭಾರ, ಕಿರುಬೆರಳಿಗೆ ಗುಳ್ಳೆ. "ಪಿಎಸ್‌ಐ ಮೇಡಂ ಬಂದ್ರು" ಅಂತ ಜೊತೆಯವರ ತಮಾಷೆ ಬೇರೆ. ಆದರೆ ಡ್ಯೂಟಿಯ ಏಳನೇ, ಎಂಟನೇ ಗಂಟೆಯಲ್ಲಿ ವ್ಯತ್ಯಾಸ ಗೊತ್ತಾಗತೊಡಗಿತು. ಮೊದಲು ಆ ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದೆ, ಈಗ ಅದು ತಪ್ಪಿತು.

ಬೆಳಗಿನ ನೋವು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕಾರಣ ಹೊಳೆಯಲು ತಡವಾಯಿತು: ಶೂ ಇರುವುದು ಎಂಟು ಗಂಟೆ, ಮಿಕ್ಕ ಹೊತ್ತು ಮನೆಯಲ್ಲಿ ಬರಿಗಾಲು, ಅದೂ ಟೈಲ್ಸ್ ಮೇಲೆ. ಎಂಸಿಆರ್ ಚಪ್ಪಲಿಯೊಂದನ್ನು ಮನೆಯೊಳಗೆ ತಂದಾಗ ಅತ್ತೆ, "ಅಡುಗೆಮನೆಗೂ ಚಪ್ಪಲಿಯಾ?" ಅಂದರು. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವುದು ಅವರ ಮದ್ದು. ಅದನ್ನೂ ಮಾಡಿದೆ, ಆ ಹೊತ್ತಿಗೆ ಹಿತ. ಕೊನೆಗೆ ರಾಜಿಯಾಯಿತು: ಹೊರಗೆ ಹಾಕದ, ತೊಳೆದ ಚಪ್ಪಲಿ ಒಳಗೆ, ದೇವರ ಕೋಣೆಗೆ ಮಾತ್ರ ಬರಿಗಾಲು. ಜೊತೆಗೆ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ, ಫ್ರೀಜರಿನ ನೀರಿನ ಬಾಟಲಿ ಅಂಗಾಲಿನಡಿ ಉರುಳಿಸುವುದು. ಆರು ತಿಂಗಳಿಗೆ ನೋವು ಮುಕ್ಕಾಲು ಪಾಲು ಹೋಯಿತು. ಪೂರ್ತಿ ಶ್ರೇಯ ಶೂಗೆ ಕೊಟ್ಟರೆ ಸುಳ್ಳಾದೀತು.

ಈಗ ದೂರು. ವೆಲ್ಕ್ರೋಗೆ ಹತ್ತಿ, ಕೂದಲು, ಬ್ಯಾಂಡೇಜಿನ ನೂಲು ಎಲ್ಲ ಅಂಟಿ ಒಂದೂವರೆ ವರ್ಷಕ್ಕೆ ಹಿಡಿತ ಹೋಯಿತು. ಅದೇ ಹೊತ್ತಿಗೆ ಸೋಲ್ ಸವೆದು, ಫಿನೈಲ್ ಹಾಕಿ ಒರೆಸಿದ ನೆಲದಲ್ಲಿ ಒಮ್ಮೆ ಜಾರಿದೆ. ಡ್ರಿಪ್ ಸ್ಟ್ಯಾಂಡ್ ಕೈಗೆ ಸಿಕ್ಕಿದ್ದರಿಂದ ಬಚಾವ್. ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು 180 ರೂಪಾಯಿಗೆ ಹೊಸ ಅಟ್ಟೆ ಹಾಕಿಕೊಟ್ಟರು, ಇನ್ನೂ ಬಾಳುತ್ತಿದೆ. ಇನ್ಸೋಲ್ ಮೂರನೆಯದು ನಡೆಯುತ್ತಿದೆ. ನಮ್ಮ ಮಳೆಗಾಲದಲ್ಲಿ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಹಾಗಾಗಿ ಜೂನ್‌ನಿಂದ ಬ್ಯಾಗಿನಲ್ಲಿ ಒಯ್ದು ವಾರ್ಡಿನಲ್ಲೇ ಹಾಕಿಕೊಳ್ಳುತ್ತೇನೆ.

ಮಳೆಗಾಲದ ಮಾತು ಬಂತಲ್ಲ, ಆ ಫೋಮ್ ಶೂವನ್ನು ಮದುವೆ ಗಿದುವೆಗೆ ಆಗುತ್ತದೆ ಅಂತ ಅಟ್ಟದಲ್ಲಿಟ್ಟಿದ್ದೆ. ಈ ವರ್ಷ ತೆಗೆದರೆ ಸೋಲ್ ರಸ್ಕಿನ ಹಾಗೆ ಪುಡಿಪುಡಿ. ಪಿಯು, ಅಂದರೆ ಪಾಲಿಯುರೆಥೇನ್ ಫೋಮಿನ ಸೋಲ್ ತೇವದ ಹವೆಯಲ್ಲಿ ಸುಮ್ನೆ ಇಟ್ಟರೂ ಹಾಗಾಗುತ್ತದೆ. ಕರಾವಳಿಯವರು ಡಿಸ್ಕೌಂಟ್ ನೋಡಿ ಎರಡು ಜೊತೆ ತೆಗೆದಿಡಬೇಡಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ನನ್ನ ಈ ಹಿಂಡಿ ನೋಡುವ ವಿದ್ಯೆ ಸಾಲದು. ಶೂ ಕಚ್ಚಿದರೂ ಅವರಿಗೆ ತಿಳಿಯುವುದಿಲ್ಲ, ಡಾಕ್ಟರಿಗೆ ಪಾದ ತೋರಿಸಿಯೇ ತೆಗೆದುಕೊಳ್ಳಿ.

ಐದರಲ್ಲಿ ನಾಲ್ಕು ಅಂಕ. ಹೋದ ಒಂದು ಪೂರ್ತಿ ಆ ವೆಲ್ಕ್ರೋದ್ದು.